ತಲೆಕೆಳಗಿನ ನೆರೆಯವರು

ಏಪ್ರಿಲ್ 3, ಬುಧವಾರ

ಒಂದೇ ಸೀರೆಯನ್ನು ಇವತ್ತು ಮೂರು ಸಲ ಒಗೆದೆ. ಬೆಳಿಗ್ಗೆ ಹಗ್ಗಕ್ಕೆ ಹಾಕಿ, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಸೆರಗಿನ ತುಂಬ ಕಂದು ಹಿಕ್ಕೆ. ಮತ್ತೆ ಒಗೆದೆ, ಮತ್ತೆ ಅದೇ. ಮೂರನೇ ಸಲ ಸೋತು ಚುಚ್ಚುಮದ್ದಿನ ಕೋಣೆಯ ಕಿಟಕಿಗೆ ಒಣಹಾಕಿದೆ. ಮಗುವಿಗೆ ಸೂಜಿ ಹಾಕಿಸಲು ಬಂದ ಹೆಂಗಸೊಬ್ಬಳು ಅದರ ಅಂಚು ಹಿಡಿದು ನೋಡಿ, ಎಲ್ಲಿ ಕೊಂಡಿರಿ ಎಂದು ಕೇಳಿದಳು.

ಬಸಲದೊಡ್ಡಿಯ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದು ಎರಡು ವರ್ಷ ದಾಟಿತು. ಮಾನ್ವಿಗೂ ದೂರ, ದೇವದುರ್ಗಕ್ಕೂ ದೂರ. ಗಂಡ ಆನಂದ, ಅತ್ತೆ, ಏರ್ ಕೂಲರು, ಎಲ್ಲ ರಾಯಚೂರಿನಲ್ಲಿ. ಇಲ್ಲಿ ನನಗಿರುವ ನೆರೆಹೊರೆಯೆಂದರೆ ಕ್ವಾರ್ಟರ್ಸಿನ ಹಿಂದಿನ ಆಲದ ಮರ, ಅದರಲ್ಲಿ ತಲೆಕೆಳಗಾಗಿ ಜೋತುಬಿದ್ದ ನೂರಾರು ತೊಗಲು ಬಾವಲಿಗಳು. ಹಗಲೆಲ್ಲ ಅವುಗಳ ಜಗಳ. ಕತ್ತಲಾದಾಗ ಹೊರಟುಹೋಗುತ್ತವೆ ನಿಜ, ನಸುಕಿನಲ್ಲಿ ವಾಪಸ್ಸು ಬಂದು ಜಾಗಕ್ಕಾಗಿ ಮತ್ತೆ ಜಗಳ. ಮಾನ್ವಿ ಬಸ್ ನಿಲ್ದಾಣವೇ ವಾಸಿ.

ಪಂಚಾಯಿತಿ ಸದಸ್ಯ ಪ್ರಭುರಾಜ ಬಿಪಿ ತೋರಿಸಲು ಬಂದಿದ್ದ. ಪಟ್ಟಿ ಬಿಚ್ಚುತ್ತಾ ಕೇಳಿಯೇ ಬಿಟ್ಟೆ, ಈ ಗಿಡ ಕಡಿಸಬೇಕಂದ್ರ ಏನು ಮಾಡಬೇಕ್ರೀ ಅಂತ.

"ಭಾಳ ಏನಿಲ್ರೀ ಸಿಸ್ಟರ್. ಇವುಗಳಿಂದ ಆರೋಗ್ಯಕ್ಕ ತ್ರಾಸ ಅದ ಅಂತ ನೀವೊಂದು ಬರದು ಕೊಡ್ರಿ. ಉಳಿದದ್ದು ನಾ ನೋಡ್ಕೋತೀನಿ. ಗಿಡ ಹೋದ್ರ ಅಲ್ಲಿ ನಾಕು ಮಳಿಗಿ ಎಬ್ಬಿಸಬಹುದು."

ಬಿಪಿ ಜಾಸ್ತಿ ಇತ್ತು. ಉಪ್ಪಿನಕಾಯಿ ಬಿಡಲು ಹೇಳಿ ಕಳಿಸಿದೆ. ಈ ವಾರವೇ ಬರೆದು ಕೊಡುತ್ತೇನೆ. ಕೇರಳದಲ್ಲಿ ಬಾವಲಿಯಿಂದ ಜ್ವರ ಬಂದು ಜನ ಸತ್ತದ್ದು ಸುಳ್ಳೇ? ನಾನೇನೂ ಇಲ್ಲದ್ದನ್ನು ಬರೆಯುತ್ತಿಲ್ಲ.

ಏಪ್ರಿಲ್ 9, ಮಂಗಳವಾರ

ಯುಗಾದಿ. ರಜೆ ಇದ್ದರೂ ಊರಿಗೆ ಹೋಗಲಾಗಲಿಲ್ಲ, ಕೆಳಗೇರಿಯಲ್ಲಿ ಒಬ್ಬಳಿಗೆ ದಿನ ತುಂಬಿದೆ. ನಮ್ಮ ಆಶಾ ಕಾರ್ಯಕರ್ತೆ ಬೂದೆಮ್ಮ ಹೋಳಿಗೆ ತಂದಳು. ಆಲದ ಕಟ್ಟೆಯ ಮೇಲೆ ಕೂತು ತಿನ್ನುವಾಗ ತಟ್ಟೆಯ ಪಕ್ಕದಲ್ಲೇ ಟಪ್ಪನೆ ಒಂದು ಹನಿ ಬಿತ್ತು. ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾ ಬಾಯಿಗೆ ಬಂದದ್ದು ಬೈದೆ.

"ಇವನ್ನ ಹೆಂಗ ಸಹಿಸ್ಕೊಂಡೀರಿ ಬೂದೆಮ್ಮಾ?"

"ಸಹಿಸೋದೇನ್ರೀ? ನಾ ಲಗ್ನ ಆಗಿ ಬಂದಾಗ ಇದ್ವು. ನಮ್ಮತ್ತಿ ಲಗ್ನ ಆಗಿ ಬಂದಾಗೂ ಇದ್ವಂತ. ಅವು ಮೊದಲಿನವು, ನಾವು ಹಿಂದಾಗಡಿ ಬಂದವ್ರು."

"ಹಂಗಾರ ನಾನು?"

"ನೀವು ಮೊನ್ನಿ ಬಂದೀರಿ," ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು.

ಹೋಳಿಗೆ ಮಾತ್ರ ಬಲು ರುಚಿ. ಬೈದದ್ದು ಹೆಚ್ಚಾಯಿತೇನೋ.

ಏಪ್ರಿಲ್ 18, ಗುರುವಾರ

ಈ ಊರಿನ ಒಂದು ಪದ್ಧತಿ ಇವತ್ತು ಕಣ್ಣಾರೆ ಕಂಡೆ. ಮಧ್ಯಾಹ್ನ ಮದುವೆ ಮೆರವಣಿಗೆ ಬಂತು. ಮಾನ್ವಿಯಿಂದ ತರಿಸಿದ ಡಿಜೆ ಗಾಡಿ, ನನ್ನ ಕಿಟಕಿಯ ಗಾಜು ನಡುಗುವಷ್ಟು ಸದ್ದು. ಆಲದ ಮರದ ಹತ್ತಿರ ಬಂದದ್ದೇ ಮುಂದಿದ್ದ ಹಿರಿಯರು ಕೈ ಎತ್ತಿ ನಿಲ್ಲಿಸಿದರು. ಮರ ದಾಟುವತನಕ ಯಾವ ವಾದ್ಯವೂ ನುಡಿಯಬಾರದಂತೆ, ಪಟಾಕಿಯನ್ನಂತೂ ದೀಪಾವಳಿಗೂ ಹಾರಿಸುವುದಿಲ್ಲವಂತೆ. ಡಿಜೆಯವನ ತಲೆಗೆ ಅದು ಹೋಗಲಿಲ್ಲ. ತಕರಾರು ತೆಗೆದ. ಆಗ ಸಿದ್ದರಾಮಪ್ಪ ಗಾಡಿ ಹತ್ತಿ ವೈರನ್ನೇ ಕಿತ್ತು ಹೆಗಲಿಗೆ ಹಾಕಿಕೊಂಡು ನಡೆದ. ಮದುಮಗ, ಮದುಮಗಳು, ಅಷ್ಟೂ ಜನ ಪಿಸುಮಾತಿನಲ್ಲಿ ಮರ ದಾಟಿದರು. ಶಾಲೆ ಹತ್ತಿರ ಹೋದಮೇಲೆ ವೈರು ವಾಪಸ್ಸು ಕೊಟ್ಟನಂತೆ.

ಸಿದ್ದರಾಮಪ್ಪ ನನಗೆ ಗೊತ್ತಿದ್ದವನೇ. ದೊಡ್ಡ ರುಮಾಲು, ದೊಡ್ಡ ದನಿ, ಸ್ವಂತ ಟ್ರ್ಯಾಕ್ಟರು. ಭತ್ತಕ್ಕೆ ಕೀಟನಾಶಕ ಹೊಡೆದು ತಲೆ ತಿರುಗುತ್ತದೆಂದು ವರ್ಷಕ್ಕೆರಡು ಸಲ ನನ್ನ ಬಾಗಿಲಿಗೆ ಬರುತ್ತಾನೆ. ಇಲ್ಲಿ ಅದಕ್ಕೆ ಎಣ್ಣೆ ಎನ್ನುತ್ತಾರೆ. ಹಾಗೆ ಬಂದವರನ್ನೆಲ್ಲ ನಾನು ಕೇಳುವುದು ಒಂದೇ ಪಾಠ. ಯಾವ ಎಣ್ಣೆ, ಮೂಗಿಗೆ ಬಟ್ಟೆ ಕಟ್ಟಿದ್ದಿರಾ, ಕೈಕಾಲು ಸೋಪು ಹಚ್ಚಿ ತೊಳೆದಿರಾ, ಡಬ್ಬಿ ಎಲ್ಲಿಟ್ಟಿರಿ. ಸಿದ್ದರಾಮಪ್ಪ ನನ್ನನ್ನು ಕಂಡರೆ ದೂರದಿಂದಲೇ "ತೊಳಕೊಂಡೀನ್ರೀ ಸಿಸ್ಟರ್" ಎಂದು ಕೂಗುತ್ತಾನೆ, ಎಣ್ಣೆ ಹೊಡೆಯದ ದಿನವೂ.

ಪ್ರಭುರಾಜನಿಗೆ ಇನ್ನೂ ಬರೆದುಕೊಟ್ಟಿಲ್ಲ. ಚುನಾವಣೆಯ ಗಡಿಬಿಡಿ. ಮುಗಿಯಲಿ.

ಏಪ್ರಿಲ್ 27, ಶನಿವಾರ

ಬಿಸಿಲಲ್ಲ ಇದು. ಕಾಲುವೆ ಬಂದ್ ಆಗಿದೆ, ಟ್ಯಾಂಕರು ದಿನ ಬಿಟ್ಟು ದಿನ ಬರುತ್ತದೆ, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಹೊಡೆಯುತ್ತದೆ. ನೆಲ ಒರೆಸಿದರೆ ಒರೆಸಿದ ಬಟ್ಟೆ ಬಕೆಟ್ಟಿಗೆ ಬರುವ ಮೊದಲೇ ಒಣಗುತ್ತದೆ. ಎರಡು ದಿನದಲ್ಲಿ ಕೂಲಿಗೆ ಹೋದ ನಾಲ್ಕು ಜನರನ್ನು ಮಲಗಿಸಿ ಸಲೈನು ಹಾಕಿದೆ.

ಮಧ್ಯಾಹ್ನ ಹಿತ್ತಲಲ್ಲಿ ಏನೋ ಬಿದ್ದ ಸದ್ದು. ತೆಂಗಿನಕಾಯಿ ಇಲ್ಲಿ ಎಲ್ಲಿಂದ ಬರಬೇಕು ಎಂದು ಹೋಗಿ ನೋಡಿದರೆ ಒಂದು ಬಾವಲಿ. ಸತ್ತಿತ್ತು. ಅದರ ಎದೆಗೆ ಅಂಟಿಕೊಂಡಿದ್ದ ಮರಿ ಸತ್ತಿರಲಿಲ್ಲ. ಕೈಗವಸು ಹಾಕಿಕೊಂಡು ಬಿಡಿಸಲು ನೋಡಿದೆ, ಬಿಡಲಿಲ್ಲ. ಮುಖ ನಾಯಿಮರಿಯ ಹಾಗೆ, ಕಣ್ಣು ದೊಡ್ಡವು. ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಸಂಜೆಯ ಹೊತ್ತಿಗೆ ಅದೂ ಹೋಯಿತು. ಬೂದೆಮ್ಮ ಎರಡನ್ನೂ ಹಾಗೇ ಜೋಡಿಯಾಗಿ ಮಣ್ಣು ಮಾಡಿದಳು.

ಏಪ್ರಿಲ್ 30, ಮಂಗಳವಾರ

ಇವತ್ತು ಬಿದ್ದವು ಎಷ್ಟೋ, ಎಣಿಸುವ ಮನಸ್ಸಾಗಲಿಲ್ಲ. ಮೊಬೈಲು ನಲವತ್ನಾಲ್ಕು ತೋರಿಸುತ್ತಿತ್ತು. ಮರದ ಬಿಸಿಲಿನ ಮಗ್ಗುಲಿನವು ಮೊದಲು. ಕಿಟಕಿಯಿಂದ ನೋಡುತ್ತಾ ನಿಂತೆ. ಹನ್ನೆರಡರ ಹೊತ್ತಿಗೆ ರೆಕ್ಕೆ ಬೀಸಿಕೊಳ್ಳಲು ಶುರು ಮಾಡುತ್ತವೆ, ಅಷ್ಟೂ ಒಟ್ಟಿಗೆ, ನಮ್ಮ ಹೆಂಗಸರು ಸೆರಗು ಬೀಸಿಕೊಂಡ ಹಾಗೆ. ಆಮೇಲೆ ಎಂಜಲಿನಿಂದ ಮೈ ನೆಕ್ಕಿಕೊಳ್ಳುತ್ತವೆ. ಆಮೇಲೆ ಏದುಸಿರು. ಒಂದರ ಮೇಲೊಂದು ಹತ್ತಿ ನೆರಳಿಗಾಗಿ ಒದ್ದಾಟ. ಆಮೇಲೆ ಸುಮ್ಮನಾಗುತ್ತವೆ, ಸುಮ್ಮನಾದದ್ದು ಬೀಳುತ್ತದೆ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಸಲೈನು ಹಾಕಿಸಿಕೊಂಡ ಕೂಲಿಯವರದೂ ಇದೇ ಕ್ರಮ.

ಕಟ್ಟೆಯ ಮೇಲಿನ ಮುದುಕರನ್ನು ಕೇಳಿದೆ. ಹಿಂದೆಲ್ಲ ಬೇಸಿಗೆಗೆ ಒಂದೋ ಎರಡೋ ಬೀಳುತ್ತಿದ್ದವಂತೆ, ಅದೂ ಮುದಿಯಾದವು. "ಇದು ನಮ್ಮ ಕಾಲದ ಬಿಸಲಲ್ರೀ ಯವ್ವಾ," ಎಂದರು. ಮತ್ತೇನು ಹೇಳುತ್ತಾರೆ ಪಾಪ.

ಆನಂದ ಯರಗೇರಾದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾನೆ. ಫೋನು ಮಾಡಿ, ಬಾವಲಿ ಬಗ್ಗೆ ಏನಾದರೂ ಪುಸ್ತಕ ಇದ್ದರೆ ನೋಡು ಎಂದೆ. ನಕ್ಕು, "ಗಿಡ ಕಡಿಸ್ತೀನಿ ಅಂತಿದ್ದಿ?" ಅಂದ. ಕಡಿಸುವುದು ಬೇರೆ, ಕಣ್ಣೆದುರು ಬಾಯಿಬಿಟ್ಟು ಸಾಯುವುದನ್ನು ನೋಡುವುದು ಬೇರೆ ಎಂದೆ. ಒಂದು ತಾಸು ಬಿಟ್ಟು ಅವನೇ ಮಾಡಿ ಹೇಳಿದ, ಮಧ್ಯಾಹ್ನ ಮರಕ್ಕೆ ನೀರು ಚಿಮುಕಿಸಿದರೆ ಉಳಿಯುತ್ತವಂತೆ. ಮರಿಯೂ ವರ್ಷಕ್ಕೆ ಒಂದೇ ಅಂತೆ, ಹೀಗೆ ಹೋದರೆ ಮತ್ತೆ ತುಂಬಿಕೊಳ್ಳುವುದು ಕಷ್ಟ.

ಮೇ 1, ಬುಧವಾರ

ನೀರು! ಕುಡಿಯಲು ದಿನ ಬಿಟ್ಟು ದಿನ ಬರುವ ನೀರನ್ನು ಬಾವಲಿಗೆ ಹಾಕಿ ಎಂದು ಯಾವ ಬಾಯಿಂದ ಕೇಳಲಿ? ಬೂದೆಮ್ಮ ಕೇಳಿದಳು. ಹೆಂಗಸರು ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ತಂದು ಬುಡಕ್ಕೆ ಸುರಿದರು. ಬುಡ ತಣ್ಣಗಾಯಿತು. ಬಾವಲಿಗಳಿರುವುದು ಮೂರು ಮಾಳಿಗೆ ಎತ್ತರದಲ್ಲಿ. ಬಕೆಟ್ಟಿನಿಂದ ಎರಚಿದ ನೀರೆಲ್ಲ ನಮ್ಮ ಮೇಲೇ ಬಿತ್ತು. ಅಷ್ಟು ಬಿಸಿಲಲ್ಲೂ ನಗು ಬಂತು.

ಅಷ್ಟರಲ್ಲಿ ಸಿದ್ದರಾಮಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇದೇನು ಹೋಳಿ ಆಡಾಕತ್ತೀರೇನು? ಸರೀರಿ ಅತ್ಲಾಗ. ನನ್ನ ಸ್ಪ್ರೇ ಟ್ಯಾಂಕು ಯಾಕದ?"

ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಐನೂರು ಲೀಟರಿನ ಟ್ಯಾಂಕು, ಮೋಟಾರು, ಉದ್ದನೆಯ ಪೈಪು, ತುದಿಗೆ ಗನ್ನು. ಅವನ ಬೋರಿನಲ್ಲಿ ಇನ್ನೂ ಅಷ್ಟಿಷ್ಟು ನೀರಿದೆ. ಹೆಂಡತಿ ಬೈದಳಂತೆ, ಕೇಳಿಸಿಕೊಳ್ಳಲಿಲ್ಲವಂತೆ. ನಿನ್ನೆಯೆಲ್ಲ ಟ್ಯಾಂಕು ತಿಕ್ಕಿ ತಿಕ್ಕಿ ತೊಳೆದಿದ್ದ, ಮನೆಯಲ್ಲಿ ಬಳಸುವ ನೀರು ತುಂಬಲಿಕ್ಕೆಂದು. ಆ ನೀರೇ ಇಲ್ಲಿಗೆ ಬಂತು.

ಗನ್ನು ನನ್ನ ಕೈಗೆ ಕೊಟ್ಟ. "ಸೂಜಿ ಚುಚ್ಚೋರು ನೀವು, ಗುರಿ ಬರೋಬರಿ ಇರ್ತದ."

ನೀರು ಮಂಜಿನ ಹಾಗೆ ಮೇಲೆದ್ದು ಕೊಂಬೆಗಳ ಮೇಲೆ ಇಳಿಯಿತು. ಮೊದಲು ಗಾಬರಿಯಾಗಿ ಚೀರಿದವು. ಆಮೇಲೆ ತಿಳಿಯಿತೇನೋ, ರೆಕ್ಕೆ ಅಗಲಿಸಿ ಒಡ್ಡಿಕೊಂಡವು. ಮೈಮೇಲಿನ ಹನಿಗಳನ್ನು ನೆಕ್ಕಿ ನೆಕ್ಕಿ ಕುಡಿದವು. ಒಂದಂತೂ ನನ್ನ ಕಡೆಗೇ ನೋಡುತ್ತಾ ರೆಕ್ಕೆಯ ಮಡಿಕೆಯಲ್ಲಿ ನಿಂತ ನೀರನ್ನು ಕುಡಿಯಿತು. ಹುಚ್ಚಿಯ ಹಾಗೆ ಅದರ ಜೊತೆ ಮಾತಾಡಿದೆ. ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ, ಮೋಟಾರಿನ ಸದ್ದಿತ್ತು.

ಮೇ 3, ಶುಕ್ರವಾರ

ಇವತ್ತು ಒಂದೂ ಬೀಳಲಿಲ್ಲ. ಒಂದೂ!

ನೀರು ಹೊಡೆದ ಮೇಲೆ ಸಿದ್ದರಾಮಪ್ಪ, ಬೂದೆಮ್ಮ, ನಾನು ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದೆವು. ಇಷ್ಟೆಲ್ಲ ಯಾಕೆ ಮಾಡುತ್ತೀರಿ, ದೇವರೆಂದೋ ಎಂದು ಕೇಳಿದೆ.

"ದೇವರಂತ ಏನಿಲ್ರೀ. ನನ್ನ ಬದುವಿನ ಮ್ಯಾಲ ಅಷ್ಟು ಬೇವಿನ ಗಿಡ ಅದಾವ. ನಾ ಹಚ್ಚಿಲ್ಲ, ನಮ್ಮಪ್ಪ ಹಚ್ಚಿಲ್ಲ. ಇವು ಹಣ್ಣು ತಿಂದು ಬೀಜ ಉದುರಿಸಿದ್ದು. ಅದರ ನೆರಳಾಗ ಕುಂತು ಬುತ್ತಿ ಉಣ್ತೀವಿ. ಇಷ್ಟು ಮಾಡದಿದ್ರ ಹೆಂಗ?"

ಬೂದೆಮ್ಮ, "ಸಿಸ್ಟರ್ ಸೀರಿ ಮ್ಯಾಲೂ ಬೀಜ ಉದುರಿಸ್ತಾವ, ಅಲ್ಲೂ ಒಂದು ಗಿಡ ಹುಟ್ಟತದ ನೋಡ್ರಿ" ಅಂದಳು. ನನ್ನನ್ನು ಆಡಿಕೊಳ್ಳಲು ಇವಳಿಗೆ ಹೇಳಿಕೊಡಬೇಕಾಗಿಲ್ಲ.

ನಾಡಿದ್ದು ಸಿದ್ದರಾಮಪ್ಪನ ಅಳಿಯ ನೀರಮಾನ್ವಿಯಿಂದ ಬಂದು ಟ್ಯಾಂಕು ಒಯ್ಯುತ್ತಾನಂತೆ, ಬದನೆ ತೋಟಕ್ಕೆ ಬೇಕಂತೆ. ಒಂದೇ ದಿನ, ಸೋಮವಾರ ಮಧ್ಯಾಹ್ನದೊಳಗೆ ತಿರುಗಿ ಬರುತ್ತದೆ. ಆ ಒಂದು ದಿನ ಮೋಡವಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಮೇ 6, ಸೋಮವಾರ

ಬರೆಯಬೇಕು. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಗಿನಿಂದಲೇ ಬೆಂಕಿ. ನಾಳೆ ಮತದಾನ, ಮತಗಟ್ಟೆಯಲ್ಲಿ ಕೂರುವ ನನಗೆ ಓಆರ್‌ಎಸ್ ಪೊಟ್ಟಣ ಎಣಿಸಿಕೊಳ್ಳುವ ಕೆಲಸ. ಹನ್ನೊಂದಕ್ಕೇ ಬಾವಲಿಗಳು ಬೀಳತೊಡಗಿದವು. ಟ್ಯಾಂಕು ಬಂದಿರಲಿಲ್ಲ. ಸಿದ್ದರಾಮಪ್ಪನಿಗೆ ಫೋನಿನ ಮೇಲೆ ಫೋನು ಮಾಡಿದೆ. ಕಡೆಗೆ ಬಂತು, ಅಳಿಯ ಮಾವನ ಮನೆಯ ಗೇಟಿನ ಮುಂದೆ ಬಿಟ್ಟು ಹಾಗೇ ತಿರುಗಿ ಹೋದ. ಸಿದ್ದರಾಮಪ್ಪ ಬೋರಿನಿಂದ ನೀರು ತುಂಬಿಸಿಕೊಂಡು ಓಡಿಸಿಕೊಂಡು ಬಂದ. ಪೈಪು ಬಿಚ್ಚುವಷ್ಟರಲ್ಲಿ ಇನ್ನೂ ಎರಡು ಬಿದ್ದವು. "ಜಲ್ದಿ ಮಾಡ್ರಿ, ಜಲ್ದಿ!" ಎಂದು ಕೂಗಿದವಳು ನಾನೇ. ಗನ್ನು ಹಿಡಿದವಳೂ ನಾನೇ.

ಟ್ಯಾಂಕು ಅರ್ಧ ಖಾಲಿಯಾದ ಮೇಲೆ ಮೂಗಿಗೆ ವಾಸನೆ ಬಂತು. ನನಗೆ ಗೊತ್ತಿರುವ ವಾಸನೆ. ತಲೆ ತಿರುಗುತ್ತದೆಂದು ಬಂದವರ ಅಂಗಿಯಿಂದ ಬರುವ ವಾಸನೆ.

ಬಂದ್ ಮಾಡಿ ಎಂದು ಚೀರಿದೆ. ಮೋಟಾರು ನಿಂತಿತು. ಮೇಲೆ ನೋಡಿದರೆ ಅಷ್ಟೂ ಬಾವಲಿಗಳು ರೆಕ್ಕೆ ಅಗಲಿಸಿ ಮೈ ನೆಕ್ಕಿಕೊಳ್ಳುತ್ತಿದ್ದವು. ಮೊನ್ನೆ ಮೊನ್ನೆ ನೋಡಿ ಖುಷಿಪಟ್ಟ ಹಾಗೆಯೇ. ನೆಕ್ಕಬೇಡಿ ಎಂದು ಹೇಳಲು ಆಗುತ್ತದೆಯೇ?

ಸಿದ್ದರಾಮಪ್ಪ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಅಳ್ಯಾ ಬದನಿಗೆ ಎಣ್ಣಿ ಹೊಡದು ಹಂಗ ಕಳಿಸ್ಯಾನ. ನಾ... ನಾ ನೋಡಲಿಲ್ರೀ ಸಿಸ್ಟರ್. ಗಡಿಬಿಡ್ಯಾಗ ತೊಳೀಲಿಲ್ರೀ." ಇಷ್ಟು ದೊಡ್ಡ ದನಿಯ ಮನುಷ್ಯನ ಬಾಯಿಂದ ಅಷ್ಟು ಸಣ್ಣ ದನಿ.

ಎಲ್ಲರನ್ನೂ ಕೇಳುವವಳು ನಾನು. ಯಾವ ಎಣ್ಣೆ, ತೊಳೆದಿರಾ. ಇವತ್ತು ಅವನನ್ನು ಕೇಳಲಿಲ್ಲ.

ಅರ್ಧ ತಾಸಿನಲ್ಲಿ ನಡುಕ, ಬಾಯಲ್ಲಿ ನೊರೆ, ಕಾಲಿನ ಹಿಡಿತ ಬಿಟ್ಟು ಉದುರುವುದು. ಈ ವಿಷ ಇಳಿಸಲು ಮನುಷ್ಯರಿಗೆ ಕೊಡುವ ಇಂಜೆಕ್ಷನ್ನು ದೊಡ್ಡ ಆಸ್ಪತ್ರೆಯಲ್ಲಿದೆ. ಬಾವಲಿಗೆ ಎಷ್ಟು ಕೊಡಬೇಕೆಂದು ಯಾರು ಹೇಳಬೇಕು, ಯಾರು ಹತ್ತಬೇಕು? ಇದ್ದ ಬಕೆಟ್ಟಿನ ನೀರನ್ನೇ ಬಿದ್ದವುಗಳ ಮೇಲೆ ಸುರಿದೆವು. ಕೆಳಗೆ ನಿಂತು ನೆನೆದ ಜನರನ್ನೆಲ್ಲ ಸಾಲಾಗಿ ನಿಲ್ಲಿಸಿ ಸೋಪು ಕೊಟ್ಟು ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ ಕಳಿಸಿದೆ. ಅವರಿಗೆ ಏನೂ ಆಗಿಲ್ಲ. ನಾನೂ ಸ್ನಾನ ಮಾಡಿದೆ.

ಕತ್ತಲಾಗುವಾಗ ಉಳಿದವು ಹಾರಿಹೋದವು. ಎಷ್ಟು ಉಳಿದವೋ ಗೊತ್ತಿಲ್ಲ. ಕೆಲವು ಹಾರಲು ರೆಕ್ಕೆ ಬಿಚ್ಚಿ ಹಾಗೇ ಬಿದ್ದವು.

ಮೇ 7, ಮಂಗಳವಾರ

ಬೆಳಗಿನಿಂದ ಸಂಜೆತನಕ ಶಾಲೆಯ ಮತಗಟ್ಟೆಯಲ್ಲಿ ಕೂತಿದ್ದೆ. ಬಿಸಿಲಲ್ಲಿ ಬಂದವರಿಗೆ ನೀರು ಕೊಟ್ಟೆ. ಕೊಡುವ ಮೊದಲು ಪ್ರತಿ ಲೋಟವನ್ನೂ ಮೂಸಿ ನೋಡಿದೆ.

ಮೇ 8, ಬುಧವಾರ

ನಸುಕಿನಲ್ಲಿ ಎದ್ದು ಕಾದೆ. ಬರಲಿಲ್ಲ.

ಮೇ 10, ಶುಕ್ರವಾರ

ಬಾವಲಿಗಳು ಸತ್ತ ಸುದ್ದಿ ಹಬ್ಬಿ ದೊಡ್ಡ ಆಸ್ಪತ್ರೆಯ ಡಾಕ್ಟರು ಫೋನು ಮಾಡಿದರು. ನನ್ನ ಪಕ್ಕದಲ್ಲಿದ್ದ ಪ್ರಭುರಾಜ ಫೋನು ಇಸಿದುಕೊಂಡು, "ಬಿಸಲಿಗೆ ಸತ್ತಾವ್ರೀ ಸಾಹೇಬ್ರ, ಎಲ್ಲಾ ಹುಗದೀವಿ, ಏನೂ ತ್ರಾಸಿಲ್ಲ" ಎಂದ. ಫೋನಿಟ್ಟು ನನಗೆ ಹೇಳಿದ, "ಸಿದ್ದರಾಮಪ್ಪನ ಮ್ಯಾಲ ಕೇಸಾದ್ರ ನಿಮ್ಮ ಹೆಸರೂ ಬರ್ತದ ಸಿಸ್ಟರ್. ಹೆಂಗೂ ಹೋಗ್ಯಾವ. ಬಿಸಲು ಅನ್ರಿ, ಮುಗೀತು."

ನಾನು ಸುಮ್ಮನಿದ್ದೆ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಬಿಸಿಲಿಗೆ ಸತ್ತವೂ ಇದ್ದವು. ಹೀಗೆ ಲೆಕ್ಕ ಹಾಕುತ್ತಾ ಉಣ್ಣದ ತಟ್ಟೆ ಮುಚ್ಚಿಟ್ಟೆ.

ಸಿದ್ದರಾಮಪ್ಪ ಮನೆಯಿಂದ ಹೊರಗೆ ಬಂದಿಲ್ಲ. ಬೂದೆಮ್ಮ ಹೋಗಿ ನೋಡಿ ಬಂದಳು. ಟ್ಯಾಂಕು ಅಂಗಳದಲ್ಲಿ ಬೋರಲು ಹಾಕಿದ್ದಾನಂತೆ.

ಮೇ 19, ಭಾನುವಾರ

ಮಳೆ ಬಂತು. ಒಳ್ಳೆಯ ಮಳೆ. ಎರಡು ವಾರ ಮೊದಲು ಬಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕಿಟಕಿಯಲ್ಲಿ ನಿಂತು ಮಳೆಗೆ ಬೈದೆ.

ಆಮೇಲೆ ಬಿಸಿಲು ಬಂದಾಗ ಬಟ್ಟೆ ಒಗೆದು ಹಾಕಿದೆ. ಸಂಜೆತನಕ ಹಗ್ಗದ ಮೇಲಿದ್ದರೂ ಒಂದು ಕಲೆಯಿಲ್ಲ. ಮಡಿಚಿ ಇಟ್ಟೆ. ಮರ ಸದ್ದಿಲ್ಲದೆ ನಿಂತಿದೆ. ಮಧ್ಯಾಹ್ನ ಮಲಗಿದರೆ ಆ ಸದ್ದಿಲ್ಲದ್ದಕ್ಕೇ ಎಚ್ಚರಾಗುತ್ತದೆ.

ಮೇ 29, ಬುಧವಾರ

ಪ್ರಭುರಾಜ ಅಳತೆಯ ಟೇಪು ಹಿಡಿದು ಇನ್ನಿಬ್ಬರ ಜೊತೆ ಬಂದಿದ್ದ. ಮಳಿಗೆಗೆ ಜಾಗ ನೋಡುತ್ತಾನಂತೆ. "ಈಗ ಬಾವಲಿನೂ ಇಲ್ಲ, ಊರಾಗ ಯಾರೂ ಅಡ್ಡ ಬರಂಗಿಲ್ಲ. ನಿಮ್ಮ ಚೀಟಿ ಒಂದು ಆದ್ರ ಸಾಕು."

"ಬಾವಲಿ ಇಲ್ಲಂದ ಮ್ಯಾಲ ಆರೋಗ್ಯಕ್ಕ ತ್ರಾಸ ಏನದ? ಏನಂತ ಬರೀಲಿ?"

"ಅವತ್ತು ನೀವೇ ಕೇಳಿದ್ರೆಲ್ರೀ?"

"ಕೇಳಿದ್ದೆ. ಈಗ ಬರಿಯಂಗಿಲ್ಲ. ಬಸುರಿ ಬಾಣಂತೇರು ಬಂದ್ರ ಕುಂಡ್ರಾಕ ಅದೊಂದೇ ನೆರಳದ. ಕಡಿಯೋದಾದ್ರ ನೆರಳು ಬೇಕಂತ ಮ್ಯಾಲಿನವರಿಗೆ ಬರೀತೀನಿ."

ಟೇಪು ಸುತ್ತಿಕೊಂಡು ಹೋದ. ಮುಖ ಗಂಟಿಕ್ಕಿತ್ತು. ಇಕ್ಕಲಿ. ಬಿಪಿ ತೋರಿಸಲು ಇನ್ನು ಮಾನ್ವಿಗೇ ಹೋಗುತ್ತಾನೇನೋ.

ಜೂನ್ 6, ಗುರುವಾರ

ಬೂದೆಮ್ಮನ ತಂಗಿಯನ್ನು ಕೊಟ್ಟಿರುವುದು ದೇವದುರ್ಗದಾಚೆ, ಕೃಷ್ಣಾ ನದಿಯ ದಂಡೆಯ ಒಂದು ಹಳ್ಳಿಗೆ. ಅವಳು ಫೋನು ಮಾಡಿದ್ದಳಂತೆ. ಹದಿನೈದು ಇಪ್ಪತ್ತು ದಿನಗಳಿಂದ ಅಲ್ಲಿಯ ಹುಣಸೆ ತೋಪಿನಲ್ಲಿ ಬಾವಲಿಗಳು ಬಂದು ಕೂತಿವೆಯಂತೆ, ಹಿಂದೆಂದೂ ಇರಲಿಲ್ಲವಂತೆ. ಕೇಳುತ್ತಾ ಕೇಳುತ್ತಾ ಎದ್ದು ನಿಲ್ಲುವಂಥ ಸುದ್ದಿ. ಆದರೆ ಇಷ್ಟೇ ಅಲ್ಲ. ಬಸಲದೊಡ್ಡಿಯಲ್ಲಿ ಬಾವಲಿಗಳು ರೋಗ ಬಂದು ಸತ್ತವು, ಉಳಿದವು ಆ ರೋಗ ಹೊತ್ತು ಇಲ್ಲಿಗೆ ಬಂದಿವೆ ಎಂದು ಅಲ್ಲಿ ಗುಲ್ಲು. ತೋಪಿನ ಒಡೆಯ ವೆಂಕೋಬ ಭಾನುವಾರ ಪಟಾಕಿ ಹಾರಿಸಿ ಓಡಿಸುತ್ತಾನಂತೆ. ಮರಿಗಳು ಇನ್ನೂ ಹಾರಲು ಪೂರ್ತಿ ಕಲಿತಿರುವುದಿಲ್ಲ. ತಾಯಿಗಳು ಎದ್ದು ಹೋದರೆ ಅವು ಅಲ್ಲೇ.

ಅವೇ ಇವು ಎಂದು ಹೇಳಲು ಗುರುತೇನೂ ಇಲ್ಲ. ಆದರೂ ಹ್ಞೂಂ, ಹೋಗಬೇಕು.

ಸಿದ್ದರಾಮಪ್ಪನ ಮನೆಗೆ ಮೊದಲ ಸಲ ಹೋದೆ. ಅವನು ಕೂತಲ್ಲಿಂದ ಏಳಲಿಲ್ಲ. ಬರುತ್ತೀರಾ ಎಂದು ಕೇಳಿದೆ. ಯಾವ ಮುಖ ಇಟ್ಟುಕೊಂಡು ಬರಲಿ ಅಂದ.

ಆನಂದ ಫೋನು ಮಾಡಿದ್ದ. ವರ್ಗಾವಣೆಗೆ ಅರ್ಜಿ ಕರೆದಿದ್ದಾರೆ, ಭಾನುವಾರ ಸಂಜೆಯೊಳಗೆ ಮೊಬೈಲಿನಲ್ಲೇ ಹಾಕಬೇಕು, ಈ ಸಲ ರಾಯಚೂರು ಖಾತ್ರಿ ಎಂದ. ಎರಡು ವರ್ಷದಿಂದ ಕಾದದ್ದು. ನೆನಪಿಟ್ಟುಕೊಳ್ಳಬೇಕು.

ಜೂನ್ 9, ಭಾನುವಾರ

ಬಸ್ ನಿಲ್ದಾಣದಲ್ಲಿ ನಾನೂ ಬೂದೆಮ್ಮನೂ ಕಾಯುತ್ತಿದ್ದಾಗ ಸಿದ್ದರಾಮಪ್ಪ ಬಂದು ನಿಂತ. ಒಗೆದ ರುಮಾಲು ಸುತ್ತಿದ್ದ. ದೇವದುರ್ಗತನಕ ಬಸ್ಸು, ಅಲ್ಲಿಂದ ಟಂಟಂ ಆಟೋ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತ. ನಾನು ಜ್ವರದ ಬಗ್ಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ತೋಪಿನಲ್ಲಿ ಜನ ಸೇರಿದ್ದರು. ಮೇಲೆ ಕೊಂಬೆಗಳಲ್ಲಿ ಅವು. ವೆಂಕೋಬ ಎಂದರೆ ಮೀಸೆ ತಿರುವಿದ ಗೌಡನಿರಬಹುದು ಎಂದುಕೊಂಡಿದ್ದೆ. ನೋಡಿದರೆ ನನ್ನ ತಮ್ಮನ ವಯಸ್ಸಿನ ತೆಳ್ಳನೆಯ ಹುಡುಗ, ಹೆಗಲ ಮೇಲೆ ಮಲಗಿದ ಕೂಸು, ಕಾಲ ಬಳಿ ಪಟಾಕಿಯ ಪೆಟ್ಟಿಗೆ.

"ಸಿಸ್ಟರ್, ನಂಗೇನು ಇವುಗಳ ಮ್ಯಾಲ ದ್ವೇಷಿಲ್ಲ. ಆದ್ರ ಮನ್ಯಾಗ ಸಣ್ಣ ಕೂಸದ ನೋಡ್ರಿ. ರೋಗ ಬಂದ್ರ ನೀವು ಹೊಣಿ ಆಗ್ತೀರೇನು?"

ಬಾವಲಿಗೆ ರೋಗವೇ ಇಲ್ಲ ಎಂದು ನಾನು ಹೇಳಲಿಲ್ಲ. ಕಚ್ಚಿದ ಹಣ್ಣು ತಿನ್ನಬೇಡಿ, ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ನೀರಿನ ಕೊಡ ಮುಚ್ಚಿಡಿ ಎಂದೆ. ಇಷ್ಟು ಮಾಡಿದರೆ ಮರದಲ್ಲಿ ಅವುಗಳ ಪಾಡಿಗೆ ಅವು ಇರಬಹುದು ಎಂದೆ. ಎಲ್ಲ ಕೇಳಿಸಿಕೊಂಡು ಅವನು ಒಂದೇ ಮಾತು ಕೇಳಿದ.

"ಹಂಗಾರ ಬಸಲದೊಡ್ಡ್ಯಾಗ ರಾಶಿರಾಶಿ ಯಾಕ ಸತ್ವು?"

ಬಿಸಿಲು ಎಂಬ ಮಾತು ನಾಲಿಗೆಗೆ ಬಂದಿತ್ತು. ಹೇಳುತ್ತಿದ್ದೆನೋ ಬಿಡುತ್ತಿದ್ದೆನೋ, ಈಗಲೂ ತಿಳಿಯದು. ಹಿಂದಿನಿಂದ ಸಿದ್ದರಾಮಪ್ಪ ಮುಂದೆ ಬಂದ.

"ನನ್ನ ಟ್ಯಾಂಕಪಾ. ಬದನಿಗೆ ಎಣ್ಣಿ ಹೊಡದಿದ್ದು. ತೊಳೀದ ನೀರು ತುಂಬಿ ತಂದೆ. ತಂಪಾಗ್ಲಿ ಅಂತ ಹೊಡದ್ವಿ, ಅವು ಮೈ ನೆಕ್ಕಿದ್ವು, ಬಿದ್ವು. ರೋಗ ಗೀಗ ಏನೂ ಇರಲಿಲ್ಲ. ಚಲೋ ಇದ್ವು. ಬೇಕಾದ್ರ ನನ್ನ ಮ್ಯಾಲ ಕೇಸ್ ಮಾಡಸ್ರಿ, ಅವಕ್ಕ ಓಡಸಬ್ಯಾಡ್ರಿ."

"ಪೈಪು ಹಿಡದಿದ್ದು ನಾನು," ಎಂದೆ. ಅವನೊಬ್ಬನನ್ನೇ ನಿಲ್ಲಿಸಲು ಆಗಲಿಲ್ಲ.

ವೆಂಕೋಬ ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. ಅವನ ಮನೆಯಲ್ಲೂ ಅಂಥದೇ ಟ್ಯಾಂಕು ಇದ್ದೀತು.

"ಹಂಗಾರ ಇವು ನಿಮ್ಮವು," ಎಂದ ಕಡೆಗೆ. "ನಿಮ್ಮವಾದ್ರ ಕರಕೊಂಡು ಹೋಗ್ರಿ ಮತ್ತ."

"ಬಂದ್ರ ಈಗ ಹೊತ್ಕೊಂಡು ಹೋಗ್ತೀವಪಾ," ಅಂದಳು ಬೂದೆಮ್ಮ. "ಬರೋತನಕ ನಿಮ್ಮ ಕಡಿ ಇರ್ಲಿ. ಬಾಣಂತೇರು ತವರಿಗೆ ಬಂದಾರ ಅನ್ಕೋರಿ."

ಹೆಂಗಸರು ನಕ್ಕರು. ವೆಂಕೋಬನೂ ನಕ್ಕ, ಪೂರ್ತಿ ಅಲ್ಲ. ಮಳೆಗಾಲ ಮುಗಿಯುವತನಕ ನೋಡುತ್ತೇನೆ, ಆಮೇಲಿನದು ಆಮೇಲೆ ಎಂದ. ಪಟಾಕಿಯ ಪೆಟ್ಟಿಗೆಯನ್ನು ಕಾಲಿನಿಂದ ಗಾಡಿಯ ಕಡೆಗೆ ಸರಿಸಿದ. ಅಷ್ಟಕ್ಕೇ ನಮಗೆ ಸಾಕಾಯಿತು. ನಾಳೆ ಡಾಕ್ಟರಿಗೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಹತ್ತು ಜನರೆದುರು ಆಡಿದ ಮಾತು ಅವರ ಕಿವಿಗೆ ಹೋಗದೆ ಇರುವುದಿಲ್ಲ.

ಆನಂದನ ಫೋನು ಎರಡು ಸಲ ಬಂದು ಕಟ್ಟಾಯಿತು. ನದಿಯ ದಂಡೆಯಲ್ಲಿ ನೆಟ್ಟು ಸಿಗುವುದಿಲ್ಲ. ಅರ್ಜಿಯದು ಮುಂದಿನ ವರ್ಷ ನೋಡಿದರಾಯಿತು.

ಕಡೆಯ ಬಸ್ಸು ತಪ್ಪುತ್ತದೆಂದು ಗೊತ್ತಿದ್ದೂ ಹೊತ್ತು ಮುಳುಗುವತನಕ ನಿಂತೆವು. ಮೊದಲು ಒಂದೆರಡು ಎದ್ದವು, ಆಮೇಲೆ ಹಿಂಡು ಹಿಂಡಾಗಿ. ಕೆಲವುಗಳ ಎದೆಯಲ್ಲಿ ಮರಿಗಳಿದ್ದವು. ತೋಪಿನ ಮೇಲೆ ಒಂದು ಸುತ್ತು ಹಾಕಿ ಕೃಷ್ಣೆಯನ್ನು ದಾಟಿ ಆಚೆ ದಂಡೆಯ ಕಡೆಗೆ ಹೋದವು. ನಮ್ಮೂರಿನ ಕಡೆಗೆ ಒಂದೂ ತಿರುಗಲಿಲ್ಲ. ಯಾವುದಾದರೂ ಒಂದು ತಿರುಗೀತೆಂದು ನಾನು ಕಣ್ಣು ಕೀಲಿಸಿ ನೋಡುತ್ತಿದ್ದೆ.

ಸಿದ್ದರಾಮಪ್ಪ ಕಡೆಯದು ಹೋಗುವತನಕ ಕತ್ತೆತ್ತಿ ನಿಂತಿದ್ದ. ಆಮೇಲೆ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ.

"ಬಿಡ್ರಿ ಸಿಸ್ಟರ್. ಎಲ್ಯಾರ ಇರಲಿ, ಅದಾವಲ್ಲ."